ಮರದ ಚರ್ಚಿಗೆ ಬಂದ ಓವರ್‌ಸೀಯರು

ನಮ್ಮ ಓವರ್‌ಸೀಯರು ಯಾರ ಮನೆಗೆ ಹೋದರೂ ಬಾಗಿಲು ತಟ್ಟುತ್ತಿರಲಿಲ್ಲ, ಬಾಗಿಲವಾಡ ತಟ್ಟುತ್ತಿದ್ದರು. ಬೆರಳ ಗೆಣ್ಣಿನಿಂದ ಎರಡು ಸಲ ಮೇಲೆ, ಎರಡು ಸಲ ಕೆಳಗೆ. ತಲೆ ಓರೆ ಮಾಡಿ ಸದ್ದು ಕೇಳಿ, “ಹಲಸು, ಚೆನ್ನಾಗದೆ” ಅಂತಲೋ “ಒಳಗೆ ಟೊಳ್ಳು, ಇನ್ನೆರಡು ವರ್ಷ” ಅಂತಲೋ ತೀರ್ಪು ಕೊಟ್ಟಾದ ಮೇಲೆಯೇ “ಮನೇಲಿ ಯಾರಾದ್ರೂ ಅವ್ರಾ?” ಎಂದು ಕೂಗುತ್ತಿದ್ದರು. ಮೊದಲ ಸಲ ನಮ್ಮ ಮನೆಗೆ ಬಂದಾಗ ಟೊಳ್ಳು ಅಂದದ್ದು ನಮ್ಮ ಬಾಗಿಲಿಗೇ. ಆ ಬಾಗಿಲು ಮಾಡಿಸಿದವರು ನನ್ನ ಯಜಮಾನರು. ಎರಡು ದಿನ ಯಾರಾದರೂ ಓವರ್‌ಸೀಯರ ಸುದ್ದಿ ಎತ್ತಿದರೆ ಅವರು ಉರಿದುಬೀಳುತ್ತಿದ್ದರು. ಮೂರನೆಯ ದಿನ ಯಾರೂ ನೋಡುತ್ತಿಲ್ಲ ಎಂದುಕೊಂಡು ಬಾಗಿಲವಾಡದ ಬುಡಕ್ಕೆ ಸ್ಕ್ರೂಡ್ರೈವರ್ ಚುಚ್ಚಿದರು. ಹಿಡಿಯವರೆಗೂ ಒಳಗೆ ಹೋಯಿತು.

ಹೋದ ತಿಂಗಳು ಓವರ್‌ಸೀಯರು ನಿವೃತ್ತರಾದರು. ನಂಜನಗೂಡಿನ ಎಂಜಿನಿಯರಿಂಗ್ ಕಚೇರಿಯಲ್ಲಿ ನಡೆದ ಬೀಳ್ಕೊಡುಗೆಗೆ ನಮ್ಮ ಚರ್ಚಿನ ಸಭೆಯವರೆಲ್ಲ ಹೋಗಿದ್ದೆವು. ನನ್ನ ಕೈಗೂ ಮೈಕು ಕೊಟ್ಟರು. ಮೂವತ್ತು ವರ್ಷ ಮಕ್ಕಳ ಮುಂದೆ ನಿಂತು ಪಾಠ ಹೇಳಿದವಳು ನಾನು, ಅವತ್ತು ಎರಡು ವಾಕ್ಯ ಹೇಳಿ ಮೈಕು ವಾಪಸು ಕೊಟ್ಟುಬಿಟ್ಟೆ. ಹೇಳದೆ ಉಳಿದದ್ದನ್ನು ಈಗ ಬರೆಯುತ್ತಿದ್ದೇನೆ. ಹೆಸರು ಬೇಡ ಎಂದು ಅವರೇ ಹೇಳಿದ್ದಾರೆ. “ಎಸರಾಕಿದ್ರೆ ನಮ್ಮ ಇಲಾಖೆಯೋರು ಅಳೇ ಫೈಲೆಲ್ಲಾ ಈಚೆಗೆ ತೆಗೀತಾರೆ ಕಣಮ್ಮ” ಎಂದು ನಕ್ಕರು.

ನಮ್ಮೂರು ಕವಲಂದೆಯಿಂದ ಒಳಗೆ, ದಿನಕ್ಕೆ ನಾಲ್ಕು ಸಲ ಬಸ್ಸು ಬರುವ ಊರು. ಎರೆಮಣ್ಣಿನ ಸೀಮೆ. ಮಳೆ ಬಿದ್ದರೆ ಮಣ್ಣು ಹಿಟ್ಟಿನ ಹಾಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು ಬಿಡುತ್ತದೆ. ಊರಿನ ಪಡುವಣ ಅಂಚಿನಲ್ಲಿ ನಮ್ಮ ಚರ್ಚಿದೆ. ಇಡೀ ಚರ್ಚು ಮರದ್ದು. ಎರಡು ಸಾಲಿನಲ್ಲಿ ಹನ್ನೆರಡು ತೇಗದ ಕಂಬ. ಗೋಡೆಯೆಂದರೆ ನಿಲುವಾಗಿ ಜೋಡಿಸಿದ ಹಲಗೆಗಳು. ಕಿಟಕಿಗಳ ತಲೆ ಮೊನಚು, ಎರಡು ಅಂಗೈ ಜೋಡಿಸಿ ಎತ್ತಿ ಹಿಡಿದ ಹಾಗೆ. ಮೇಲೆ ಮಂಗಳೂರು ಹೆಂಚು, ಮುಂಬಾಗಿಲ ನೆತ್ತಿಯಲ್ಲಿ ಪಾರಿವಾಳದ ಗೂಡಿಗಿಂತ ತುಸು ದೊಡ್ಡದಾದ ಗಂಟೆಮನೆ. ಒಳಗೆ ಬೆಂಚಿನ ಮೇಲೆ ಕೂತು ಕತ್ತೆತ್ತಿದರೆ ತೊಲೆಗಳು, ತೊಲೆಯ ಮೇಲೆ ಓರೆಯಾಗಿ ನಿಂತ ಕೈಮರಗಳು, ಅವುಗಳ ಮೇಲೆ ಹೆಂಚು ಹೊತ್ತ ಪಕಾಸಿಗಳು ಏರುತ್ತ ಏರುತ್ತ ಕತ್ತಲಲ್ಲಿ ಒಂದಾಗುತ್ತವೆ. ಬೆಳಗಿನ ಆರಾಧನೆಯ ಹೊತ್ತಿಗೆ ಪೂರ್ವದ ಕಿಟಕಿಯ ಪಟ್ಟಿಗಳ ಸಂದಿಯಿಂದ ಬಿಸಿಲು ಗೆರೆಗೆರೆಯಾಗಿ ಬಂದು ನೆಲದ ಮೇಲೆ ಬೀಳುತ್ತದೆ.

ಇದನ್ನೆಲ್ಲ ಇಷ್ಟು ಪ್ರೀತಿಯಿಂದ ಬರೆಯುತ್ತಿರುವ ನಾನೇ ಅದನ್ನು ಕೆಡವಲು ಅರ್ಜಿ ಬರೆದವಳು.

ಕಾರಣವಿತ್ತು. ನಾನು ಮಿಡ್ಲ್‌ಸ್ಕೂಲಿನಲ್ಲಿದ್ದಾಗ ಕ್ಲಾಸಿನವರು ನಮ್ಮ ಚರ್ಚನ್ನು ‘ದೊಡ್ಡಿ’ ಎನ್ನುತ್ತಿದ್ದರು. ಸೋಮವಾರ ಬಂದರೆ ಸಾಕು, “ನೆನ್ನೆ ದೊಡ್ಡಿಗೆ ಕೂಡಿದ್ರಾ?” ಎಂದು ನಗೆ. ಮರದ ಗೋಡೆಯ ಕಟ್ಟಡ ಅವರ ಕಣ್ಣಿಗೆ ದನದ ಕೊಟ್ಟಿಗೆ, ಒಳಗೆ ಕೂರುವ ನಾವು ಏನೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ. ನಮ್ಮ ಹಿರಿಯರು ಯಾವ ಕೇರಿಯಿಂದ ಚರ್ಚಿಗೆ ಬಂದರು ಎನ್ನುವುದು ಊರಿಗೆಲ್ಲ ಗೊತ್ತಿತ್ತು. ನಾನು ಓದಿ, ಟೀಚರಾಗಿ, ನಮ್ಮೂರ ಶಾಲೆಗೇ ಹೆಡ್‌ಮಿಸ್ ಆಗಿ, ಸಭೆಯ ಕಾರ್ಯದರ್ಶಿಯೂ ಆದೆ. ಆದರೂ ಆ ಕಟ್ಟಡ ಕಂಡಾಗಲೆಲ್ಲ ಕಿವಿಯಲ್ಲಿ ಆ ಒಂದು ಶಬ್ದ. ಹಾಗಾಗಿ ಮೈಸೂರಿನ ದಾನಿಯೊಬ್ಬರು ಆರ್‌ಸಿಸಿ ಚರ್ಚು ಕಟ್ಟಿಸಿಕೊಡುತ್ತೇವೆ ಎಂದಾಗ ಮೊದಲು ಕೈ ಎತ್ತಿದವಳು ನಾನು. ಹಳೆಯದು ಶಿಥಿಲವಾಗಿದೆ ಎಂದು ಸರ್ಕಾರದ ಎಂಜಿನಿಯರಿಂಗ್ ಕಚೇರಿಯಿಂದ ಒಂದು ಪತ್ರ ಬೇಕು ಎಂದರು. ಪತ್ರ ಕೊಡಲು ಬಂದವರೇ ಈ ಓವರ್‌ಸೀಯರು.

ದೇವನೂರು ಕಡೆಯವರು. ಹಣೆಯ ಮೇಲೆ ವಿಭೂತಿ, ಜೇಬಿನಲ್ಲಿ ಟೇಪು, ಹಳೆಯ ಮೊಪೆಡ್ಡು. ಬಾಗಿಲಲ್ಲಿ ಚಪ್ಪಲಿ ಬಿಟ್ಟು “ಒಳಕ್ಕೆ ಬರ್ಬೋದಾ?” ಎಂದು ಕೇಳಿದರು. ಸರ್ಕಾರಿ ನೌಕರರು ಹಾಗೆ ಕೇಳಿದ್ದನ್ನು ನಾನು ಅದೇ ಮೊದಲು ಕಂಡದ್ದು. ನಾನು ಕೀ ಗೊಂಚಲು ಇಡಲು ಪಾದ್ರಿಗಳು ನಿಲುವಂಗಿ ತೊಡುವ ವೆಸ್ಟ್ರಿಯ ಕೋಣೆಗೆ ಹೋಗಿ ಬರುವಷ್ಟರಲ್ಲಿ ಕಸ ಗುಡಿಸುತ್ತಿದ್ದ ಸಾರಮ್ಮಜ್ಜಿ ಬೊಬ್ಬೆ ಹಾಕುತ್ತಿದ್ದಳು.

“ಅಯ್ಯೋ, ಯಾರೋ ಬಿದ್ದೋಗವ್ರೆ ಬನ್ರವ್ವಾ!”

ಓಡಿಹೋಗಿ ನೋಡಿದರೆ ಓವರ್‌ಸೀಯರು ಬೆಂಚುಗಳ ನಡುವಿನ ದಾರಿಯಲ್ಲಿ ಅಂಗಾತ ಮಲಗಿದ್ದಾರೆ. ಸಾರಮ್ಮಜ್ಜಿ ಒಂದು ಚೊಂಬು ನೀರು ಮುಖಕ್ಕೆ ಎರಚಿಯೂ ಆಗಿತ್ತು.

“ಬಿದ್ದಿಲ್ಲ ಕಣವ್ವ, ಓದ್ತಾ ಇವ್ನಿ” ಎಂದರು ಅವರು, ಕಣ್ಣೊರೆಸಿಕೊಳ್ಳದೆ.

“ಅಂಗಾತ ಮನೀಕಂಡು ಏನ ಓದೀರಪ್ಪಾ?”

“ಸೂರು.”

ಅಷ್ಟರಲ್ಲಿ ಸಭೆಯ ಹಿರಿಯರಾದ ದೇವಸಹಾಯಪ್ಪನವರು ಬಂದರು. ರೇಷ್ಮೆ ಇಲಾಖೆಯಲ್ಲಿದ್ದು ನಿವೃತ್ತರಾದವರು. ಊರಿನಲ್ಲಿ ಅವರ ಮಾತಿಗೆ ಎದುರಾಡುವವರು ಕಡಿಮೆ. ಕಾಗದ, ಪೆನ್ನು ಸಿದ್ಧವಿಟ್ಟುಕೊಂಡೇ ಬಂದಿದ್ದರು. “ಇಲ್ಲೊಂದು ಸೈನು, ಸಾ” ಎಂದರು.

“ಯಾತಕ್ಕೆ? ಈ ಬಿಲ್ಡಿಂಗಿಗೆ ಏನೂ ಆಗಿಲ್ಲ ಯಜಮಾನ್ರೇ. ನೀವು ಮಾಡಿರೋ ರಿಪೇರಿಯಿಂದ ಕಾಯಿಲೆ ಬಂದದೆ.”

ನಾನು ಸುಮ್ಮನಿರಲಿಲ್ಲ. ಮಳೆಗಾಲದಲ್ಲಿ ಬಾಗಿಲು ಹಾಕಲು ಬರುವುದಿಲ್ಲ, ಬೇಸಿಗೆಯಲ್ಲಿ ಹಾಕಿದರೂ ನಿಲ್ಲುವುದಿಲ್ಲ ಎಂದೆ. ದಕ್ಷಿಣದ ಕಡೆ ವಾಲಿದೆ ಎಂದೆ. ಹಲಗೆಗಳ ಸಂದಿಯಿಂದ ಹೊರಗಡೆ ಕಾಣುತ್ತದೆ ಎಂದೆ. ಅವರು ಒಂದೊಂದಕ್ಕೂ ಮಗುವಿನ ತಂಟೆ ಕೇಳಿದ ಅಜ್ಜನ ಹಾಗೆ ಸಂತೋಷದಿಂದ ತಲೆಯಾಡಿಸಿದರು.

“ಒಂದು ಮಳೆಗಾಲ ಕೊಡಿ. ಆಮೇಲೂ ಕೆಡವಲೇಬೇಕು ಅಂದ್ರೆ ಮೊದಲನೇ ಎಂಚು ನಾನೇ ತೆಗೀತೀನಿ” ಎಂದು ಟೇಪು ಸುತ್ತಿಕೊಂಡು ಹೊರಟೇಬಿಟ್ಟರು.

ದೇವಸಹಾಯಪ್ಪನವರು ಕೆರಳಿದರು. ಓವರ್‌ಸೀಯರ ಮೇಲಿನವರಿಗೆ ದೂರು ಹೋಯಿತು. ದೂರಿನ ಒಕ್ಕಣೆ ದೇವಸಹಾಯಪ್ಪನವರದು, ಕೈಬರಹ ನನ್ನದು. ಹದಿನೈದು ದಿನದಲ್ಲಿ ಓವರ್‌ಸೀಯರಿಗೆ ಸಮಜಾಯಿಷಿ ಕೇಳಿ ಮೆಮೊ ಬಂತಂತೆ. ನಮಗೆ ಅದು ಗೊತ್ತಾದದ್ದು ಮುಂದಿನ ಭಾನುವಾರ, ಆರಾಧನೆ ಮುಗಿಸಿ ಹೊರಗೆ ಬಂದಾಗ. ಮೊಪೆಡ್ಡಿಗೆ ಒರಗಿ ನಿಂತಿದ್ದರು. ಕೈಯಲ್ಲಿ ನಮ್ಮ ದೂರಿನ ಜೆರಾಕ್ಸು.

“ಟೀಚರಮ್ಮ, ಇದು ನಿಮ್ಮ ಅಕ್ಸರವಾ?”

“ಹೌದು ಸಾರ್.”

“ಎಷ್ಟು ದುಂಡಗದೆ! ನಂಗೆ ಇಂಥೋರೇ ಬೇಕಿತ್ತು. ತಗಳಿ” ಎಂದು ಒಂದು ನೋಟುಬುಕ್ಕು ಕೊಟ್ಟರು.

ಆ ಪುಸ್ತಕದ ಕೆಲಸ ಇಷ್ಟು. ಚರ್ಚಿನ ನಡುತೊಲೆಯಿಂದ ಒಂದು ತೂಗುಗುಂಡನ್ನು ಅವರು ಇಳಿಬಿಟ್ಟರು, ಗಾರೆಯವರು ಗೋಡೆಯ ನೇರ ನೋಡುವ ಹಿತ್ತಾಳೆಯ ಗುಂಡು. ಅದರ ತುದಿ ನೆಲದ ಮೇಲೆ ಎಲ್ಲಿಗೆ ಬರುತ್ತದೋ ಅಲ್ಲಿ ಪೆನ್ಸಿಲ್ಲಿನಿಂದ ಒಂದು ಚುಕ್ಕೆ. ಪ್ರತಿ ಭಾನುವಾರ ಆ ಚುಕ್ಕೆಯಿಂದ ಗುಂಡು ಎಷ್ಟು ಸರಿದಿದೆ, ಯಾವ ಕಡೆಗೆ, ವಾರದಲ್ಲಿ ಮಳೆ ಬಂತೋ ಇಲ್ಲವೋ, ಬಾಗಿಲು ಬಿಗಿಯೋ ಸಡಿಲವೋ ಎಂದು ನಾನು ಬರೆಯಬೇಕು. ದೂರು ಬರೆದ ತಪ್ಪಿಗೆ ಒಪ್ಪಿಕೊಂಡೆ. ಮೊದಲ ತಿಂಗಳು ಹಾಳು ಗುಂಡು ಎಂದು ಗೊಣಗಿಕೊಂಡೇ ಬರೆದೆ. ಆಮೇಲಾಮೇಲೆ ಆರಾಧನೆಯ ನಡುವೆಯೇ ಕಣ್ಣು ಆ ಗುಂಡಿನ ಕಡೆ ಹೋಗುವುದಕ್ಕೆ ಶುರುವಾಯಿತು. ನಮ್ಮ ಪಾದ್ರಿ ಅಯ್ಯನವರು ಪ್ರಸಂಗ ಮಾಡುತ್ತ ಒಂದು ದಿನ ನನ್ನನ್ನೇ ನೋಡಿ, “ಕೆಲವರ ದೃಷ್ಟಿ ಪರಲೋಕದ ಕಡೆಗಿಲ್ಲ, ನೆಲದ ಕಡೆಗಿದೆ” ಎಂದರು. ಸಭೆಯೆಲ್ಲ ನಕ್ಕಿತು.

ಓವರ್‌ಸೀಯರು ತಪ್ಪದೆ ಬರುತ್ತಿದ್ದರು. ಆರಾಧನೆ ನಡೆಯುವಾಗ ಒಳಗೆ ಬರುತ್ತಿರಲಿಲ್ಲ. ಹೊಂಗೆ ಮರದ ಕೆಳಗೆ ಕೂತು, ಹಾಡು ಮುಗಿದ ಮೇಲೆ ಬಂದು ತಮ್ಮ ಕಂಬಗಳನ್ನು ಮಾತಾಡಿಸುತ್ತಿದ್ದರು. ಮಧ್ಯಾಹ್ನ ಮೆಟ್ಟಿಲ ಮೇಲೆ ಒಬ್ಬರೇ ಟಿಫನ್ ಬಾಕ್ಸು ಬಿಚ್ಚಿಕೊಂಡು ಮೊಸರನ್ನ ಉಣ್ಣುತ್ತಿದ್ದರು. ನಮ್ಮ ಮನೆ ಅಲ್ಲಿಂದ ಕೂಗಳತೆ ದೂರ. ನಾನು ಕರೆದಿರಲಿಲ್ಲ. ಕರೆದರೆ ಬರುವುದಿಲ್ಲ, ಏನೋ ನೆಪ ಹೇಳುತ್ತಾರೆ, ಆ ನೆಪವನ್ನು ಕೇಳಿಸಿಕೊಳ್ಳುವ ಕಷ್ಟ ಯಾಕೆ ಎಂದು ಸುಮ್ಮನಿದ್ದೆ. ಅಂಥ ನೆಪಗಳನ್ನು ನನ್ನ ಕಾಲದಲ್ಲಿ ಬೇಕಾದಷ್ಟು ಕೇಳಿದ್ದೆ. ಒಂದು ಭಾನುವಾರ ಮಳೆ ಸುರಿಯುತ್ತಿತ್ತು, ಅವರು ಬಾಕ್ಸು ಮರೆತು ಬಂದಿದ್ದರು. ನಾನು ಧೈರ್ಯ ಮಾಡಿ, “ತರಕಾರಿ ಉಪ್ಪಿಟ್ಟು ಮಾಡಿದ್ದೆ, ನಿಮಗೆ ನಡೆಯುತ್ತೋ ಏನೋ” ಎಂದೆ.

“ಮೊಟ್ಟೆ ಗಿಟ್ಟೆ ಆಕಿಲ್ಲ ತಾನೇ?”

“ಉಪ್ಪಿಟ್ಟಿಗೆ ಯಾರಾದರೂ ಮೊಟ್ಟೆ ಹಾಕುತ್ತಾರಾ ಸಾರ್?”

“ಅಂಗಾದ್ರೆ ನಡೀರಿ.” ಮೂರು ಸಲ ಹಾಕಿಸಿಕೊಂಡರು. ಕೈ ತೊಳೆಯುತ್ತ, “ಎರಡು ತಿಂಗಳಿಂದ ನಿಮ್ಮನೇ ಒಗ್ಗರಣೆ ವಾಸ್ನೆ ಮೆಟ್ಲು ತಂಕ ಬತ್ತಿತ್ತು. ಒಬ್ರಾದ್ರೂ ಬನ್ನಿ ಅನ್ನಲಿಲ್ವಲ್ಲ, ಏನ್ ಜನಾನೋ ಅಂದ್ಕಂಡಿದ್ದೆ” ಎಂದರು. ನನಗೆ ನಗಬೇಕೋ ನಾಚಬೇಕೋ ಗೊತ್ತಾಗಲಿಲ್ಲ. ಆಮೇಲೆ ಭಾನುವಾರದ ಊಟ ನಮ್ಮ ಮನೆಯಲ್ಲೇ ಆಯಿತು. ಅವರು ಬರುವ ದಿನ ನಮ್ಮಲ್ಲಿ ಕೋಳಿ ಬಂದ್. ನನ್ನ ಯಜಮಾನರು ಮಾತ್ರ ಅದನ್ನು ಇನ್ನೂ ಕ್ಷಮಿಸಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ನನ್ನ ಪುಸ್ತಕದಲ್ಲಿ ಗುಂಡು ಒಂದು ಹೆಬ್ಬೆಟ್ಟಿನಷ್ಟು ಪೂರ್ವಕ್ಕೆ ಸರಿದಿತ್ತು. ದೇವಸಹಾಯಪ್ಪನವರು “ನೋಡಿದ್ರಾ, ವಾಲ್ತಾ ಅದೆ!” ಎಂದು ಗೆದ್ದವರ ಹಾಗೆ ಹೇಳಿದರು. ಓವರ್‌ಸೀಯರು “ಇರಿ” ಎಂದರು ಅಷ್ಟೆ. ಚಳಿ ಮುಗಿದು ಬಿಸಿಲು ಏರಿತು. ಮಣ್ಣು ಒಣಗಿತು. ಗುಂಡು ನಿಧಾನಕ್ಕೆ ವಾಪಸು ನಡೆಯಿತು. ಶಿವರಾತ್ರಿ ಕಳೆದು, ಈಸ್ಟರಿಗೆ ಮುಂಚಿನ ನಮ್ಮ ಉಪವಾಸದ ದಿನಗಳು ಶುರುವಾದ ಭಾನುವಾರ ಅದರ ತುದಿ ಮೊದಲು ಇಟ್ಟ ಚುಕ್ಕೆಯ ಮೇಲೇ ನಿಂತಿತ್ತು. ನಾನು ಮಂಡಿಯೂರಿ ನೋಡಿದೆ. ಪೆನ್ಸಿಲ್ ಚುಕ್ಕೆ ಕಾಣಲೇ ಇಲ್ಲ, ಗುಂಡು ಅದನ್ನು ಮುಚ್ಚಿಬಿಟ್ಟಿತ್ತು.

“ಇದು ಬೀಳೋ ಕಟ್ಟಡ ಅಲ್ಲ ಕಣಮ್ಮ, ಆಡೋ ಕಟ್ಟಡ” ಎಂದರು ಅವರು. ಕಂಬಗಳು ಮಣ್ಣಿನಲ್ಲಿ ಹೂತಿಲ್ಲ, ಒಂದೊಂದು ಕಂಬವೂ ಒಂದೊಂದು ಕಲ್ಲಿನ ದಿಮ್ಮಿಯ ಮೇಲೆ ಸುಮ್ಮನೆ ನಿಂತಿದೆ, ಕೆಳಗೂ ಮೇಲೂ ಸುತ್ತ ತೊಲೆ ಕಟ್ಟಿದ್ದರಿಂದ ಇಡೀ ಚರ್ಚು ಒಂದು ಮಂಚದ ಹಾಗೆ ಎಂದು ವಿವರಿಸಿದರು. “ಮಂಚದ ಒಂದು ಕಾಲು ಎತ್ತಿದ್ರೆ ಮಂಚ ಮುರೀತದಾ? ಓಲಾಡ್ತದೆ. ಮಣ್ಣು ಉಬ್ಬಿದಾಗ ಇದೂ ಅಂಗೇ ಒಸಿ ಏಳ್ತದೆ, ಒಣಗಿದಾಗ ಕೂತ್ಕತದೆ. ಇಲ್ಲಿ ಕಲ್ಲು ಗಾರೆ ಗೋಡೆ ಎಬ್ಬಿಸಿದ್ರೆ ಬಿರುಕು ಬುಡ್ತದೆ ಅಂತ ತಿಳಿದೇ ಮರ ಆಕವ್ರೆ.”

ಹಾಗಾದರೆ ಕಾಯಿಲೆ ಯಾವುದು? ಅದು ನಾವು ಮಾಡಿದ್ದು. ನನ್ನ ಚಿಕ್ಕಂದಿನಲ್ಲಿ ಶುಭಶುಕ್ರವಾರಕ್ಕೆ ಮುಂಚಿನ ವಾರ ನಮ್ಮ ಕೇರಿಯ ಹೆಂಗಸರೆಲ್ಲ ಸೇರಿ ಕಂಬಗಳ ಬುಡಕ್ಕೆ ಹೊಂಗೆಎಣ್ಣೆ ಸವರುತ್ತಿದ್ದರು. ಅಜ್ಜಿಯ ಸೆರಗಿನಿಂದ ವಾರವೆಲ್ಲ ಆ ಕಹಿ ವಾಸನೆ ಹೋಗುತ್ತಿರಲಿಲ್ಲ. ನಾನು ದೊಡ್ಡವಳಾಗಿ, ಓದಿದವಳಾಗಿ, ಇದೆಲ್ಲ ಹಳೆಯ ಪೂಜೆಯ ವಾಸನೆ, ಬಿಡಿ ಎಂದು ನಿಲ್ಲಿಸಿ, ಗೆದ್ದಲಿಗೆಂದು ಕಂಬಗಳ ಬುಡಕ್ಕೆ ಮೊಳದೆತ್ತರ ಸಿಮೆಂಟು ಹಾಕಿಸಿದ್ದೆ. ಅದನ್ನು ಹೇಳಿದಾಗ ಓವರ್‌ಸೀಯರು ಹಣೆ ಚಚ್ಚಿಕೊಂಡರು.

“ಅದು ಪೂಜೆ ಅಲ್ಲ ಕಣ್ರೀ ಟೀಚರಮ್ಮ, ಮೆಂಟೆನೆನ್ಸು!”

ಸಿಮೆಂಟಿನ ಒಳಗೆ ನೀರು ಇಳಿದರೆ ಆಚೆ ಬರಲು ದಾರಿಯಿಲ್ಲ, ಮರ ಒಳಗೊಳಗೇ ಕೊಳೆಯುತ್ತದೆ. ನಾನು ತಪ್ಪಿತಸ್ಥಳ ಹಾಗೆ ನಿಂತದ್ದನ್ನು ಕಂಡು, “ಬನ್ನಿ, ಒಂದು ತೋರಿಸ್ತೀನಿ” ಎಂದು ನನ್ನನ್ನೂ ನನ್ನ ಯಜಮಾನರನ್ನೂ ಕರೆದುಕೊಂಡು ಹೊರಟರು. ಮೂರು ಮೈಲಿ ಆಚೆ, ಪಕ್ಕದ ಊರಿನ ಒಂದು ಸಮುದಾಯ ಭವನ. ಕಟ್ಟಿ ಬಹಳ ಕಾಲವಾಗಿರಲಿಲ್ಲ. ಗೋಡೆಯಲ್ಲಿ ಮೂಲೆಯಿಂದ ಮೂಲೆಗೆ ಕೈ ತೂರುವಷ್ಟು ಬಿರುಕು. ನೆಲ ನಡುವೆ ಗೂನು ಬೆನ್ನಿನ ಹಾಗೆ ಎದ್ದಿತ್ತು. ಬಾಗಿಲಿಗೆ ಬೀಗ, ಬೀಗಕ್ಕೆ ತುಕ್ಕು.

“ಯಾರು ಸಾರ್ ಇದನ್ನು ಕಟ್ಟಿಸಿದ್ದು?” ಎಂದರು ನನ್ನ ಯಜಮಾನರು.

“ನಾನೇ.”

ಬೀಗದ ತುಕ್ಕನ್ನು ಉಗುರಿನಿಂದ ಕೆರೆದರು. ಆಮೇಲೆ ಅವರೇ ಹೇಳಿದರು. ಎಲ್ಲ ಕಡೆ ಹಾಕುವ ಪಾಯವನ್ನೇ ಇಲ್ಲೂ ಹಾಕಿಸಿದ್ದರಂತೆ. ಮಣ್ಣು ಬೇರೆ ಎಂದು ಊರಿನ ಒಬ್ಬ ಮುದುಕ ಹೇಳಿದ್ದನಂತೆ. ಓದಿದವನು ನಾನು, ಇವನೇನು ಹೇಳುವುದು ಎಂದುಕೊಂಡಿದ್ದರಂತೆ. “ಒಂದು ಮದುವೇನೂ ಆಗ್ಲಿಲ್ಲ ಇದರೊಳಗೆ. ಈ ದಾರೀಲಿ ಬರೋಕೆ ಆಗದೆ ಸುತ್ತು ಬಳಸಿ ಓಡಾಡ್ತಿದ್ದೆ. ನಿಮ್ಮ ಚರ್ಚು ನೋಡಿದ ದಿವಸ ಅಂಗಾತ ಮನೀಕಂಡ್ನಲ್ಲ, ಯಾಕೆ ಅಂತೀರಿ? ಇದೇ ಮಣ್ಣು. ಇದು ಎಂಗೆ ನಿಂತದೆ ಅಂತ ತಿಳೀದೆ ನಂಗೆ ರಿಟೈರಾಗೋಕೆ ಇಷ್ಟ ಇರ್ಲಿಲ್ಲ.”

ನಗುವ ಮನುಷ್ಯನ ಮುಖ ನಗದೆ ಇದ್ದದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಚರ್ಚಿನ ಸೂರಿಗೆ ಅವರು ಏಣಿ ಹಾಕಿದ್ದು ಆ ಬೇಸಿಗೆಯಲ್ಲೇ. ಅಲ್ಲಿಂದ ನಮ್ಮ ಊರಿನ ದೊಡ್ಡ ಜಗಳ ಶುರುವಾಯಿತು. ನಮ್ಮಲ್ಲಿ ಎಲ್ಲರೂ ನಂಬಿದ್ದ ಒಂದು ಕಥೆಯಿತ್ತು. ಚರ್ಚು ಪೂರ್ತಿ ಲಂಡನ್ನಿನಲ್ಲಿ ತಯಾರಾದದ್ದು, ತುಂಡು ತುಂಡಾಗಿ ಹಡಗಿನಲ್ಲಿ ಬಂದದ್ದು, ದೊರೆಗಳು ಇಲ್ಲಿ ತಂದು ಜೋಡಿಸಿದರು ಎಂದು. ದೇವಸಹಾಯಪ್ಪನವರು ಇದನ್ನು ಹೇಳುವಾಗ ಅವರ ಎದೆ ಒಂದು ಅಂಗುಲ ಮುಂದೆ ಬರುತ್ತಿತ್ತು. ದೊಡ್ಡಿ ಎಂದವರಿಗೆ ನಾವು ಕೊಡುತ್ತಿದ್ದ ಉತ್ತರವೂ ಅದೇ, “ಲಂಡನ್ ಮಾಲು ಕಣ್ರೋ ಇದು.”

ಅವತ್ತು ಏಣಿಯ ತುದಿಯಿಂದ ಓವರ್‌ಸೀಯರು ಕೂಗಿದರು. “ಯಜಮಾನ್ರೇ, ಲಂಡನ್ನೋರಿಗೆ ಕನ್ನಡ ಅಂಕಿ ಬತ್ತಿತ್ತಾ?”

ಒಂದು ಮರದ ನಾಲಿಗೆ ಇನ್ನೊಂದು ಮರದ ಬಾಯಿಗೆ ಕೂರುವ ಪ್ರತಿ ಜಾಗದಲ್ಲೂ ಉಳಿಯಿಂದ ಕೆತ್ತಿದ ಅಂಕಿಗಳಿವೆ, ಯಾವ ಮರ ಯಾವುದಕ್ಕೆ ಸೇರಬೇಕು ಎಂದು ಬಡಗಿಗಳು ಮಾಡಿಕೊಂಡ ಗುರುತು. ೧ ಬಂದು ೧ಕ್ಕೆ, ೨ ಬಂದು ೨ಕ್ಕೆ. ಎಲ್ಲ ಕನ್ನಡದ ಅಂಕಿ. ತೊಲೆಗಳ ಒಂದು ತುದಿಯಲ್ಲಿ ಹಗ್ಗ ಪೋಣಿಸುವ ತೂತೂ ಇದೆ. ಅಂದರೆ ಮರ ಮೇಲಿನ ಕಾಡಿನಿಂದ ಕಪಿನಿ ಹೊಳೆಯಲ್ಲಿ ತೇಲಿಕೊಂಡು ನಂಜನಗೂಡಿಗೆ ಬಂದು, ಅಲ್ಲಿಂದ ಗಾಡಿಯ ಮೇಲೆ ಬಂದಿದೆ ಎಂದರು ಓವರ್‌ಸೀಯರು.

“ಸಾಧ್ಯವೇ ಇಲ್ಲ. ನಮ್ಮ ತಾತ ಯೋಳವ್ರೆ, ಅಡಗಲ್ಲಿ ಬಂತು ಅಂತ” ಎಂದರು ದೇವಸಹಾಯಪ್ಪ.

“ಅತ್ತಿ ನೋಡಿ ಮತ್ತೆ.”

ಎಪ್ಪತ್ತು ದಾಟಿದ ಮನುಷ್ಯ, ಪಂಚೆ ಎತ್ತಿ ಕಟ್ಟಿ ಏಣಿ ಹತ್ತಿಯೇಬಿಟ್ಟರು. ಕೆಳಗೆ ನಾಲ್ಕು ಜನ ಏಣಿ ಹಿಡಿದಿದ್ದೆವು. ಮೇಲೆ ಬಹಳ ಹೊತ್ತು ಟಾರ್ಚಿನ ಬೆಳಕು ತೊಲೆಯಿಂದ ತೊಲೆಗೆ ಓಡಾಡುತ್ತಿತ್ತು. ಇಳಿದು ಬಂದಾಗ ತಲೆಯ ಮೇಲೆ ಜೇಡರ ಬಲೆ, ಮುಖದಲ್ಲಿ ಒಂದು ಥರದ ಗೊಂದಲ.

“ಹದಿನಾಲ್ಕು ಎರಡು ಸಲ ಕೆತ್ತವ್ರೆ” ಎಂದರು. “ಹದಿನೈದು ಇಲ್ವೇ ಇಲ್ಲ. ಎಣಿಸೋದು ತಪ್ಪವ್ರೆ.” ತಲೆಯ ಬಲೆ ಕೊಡವಿಕೊಳ್ಳುತ್ತ, “ನಮ್ಮೋರೇ ಕಣಮ್ಮ” ಎಂದರು.

ನಾನೂ ಹತ್ತಿದೆ. ಸೀರೆ ಸಿಕ್ಕಿಸಿ ಏಣಿ ಹತ್ತಿದ ಹೆಡ್‌ಮಿಸ್ಸನ್ನು ನೋಡಲು ಅರ್ಧ ಊರು ಬಾಗಿಲಲ್ಲಿ ನಿಂತಿತ್ತು. ಅಂಕಿಗಳು ಎರಡು ಕೈಯವು ಎಂದು ನನಗೆ ಕಂಡ ಕೂಡಲೆ ಗೊತ್ತಾಯಿತು. ಒಂದು ಕೈ ಸಲೀಸು, ಉಳಿ ತಾನಾಗಿ ತಿರುಗಿದೆ. ಅದು ಕಸುಬಿನ ಆಚಾರಿಯದು. ಇನ್ನೊಂದು ಕೈ ಹಾಗಲ್ಲ. ೪ನ್ನು ಬರೆಯುವಾಗ ಎಲ್ಲಿಂದ ಶುರು ಮಾಡಬೇಕೆಂದು ತಡವರಿಸಿದೆ, ಬೇಕಾದ್ದಕ್ಕಿಂತ ಆಳವಾಗಿ ಒತ್ತಿದೆ. ಇಂಥ ಒತ್ತು ನಾನು ಮೂವತ್ತು ವರ್ಷ ಸ್ಲೇಟುಗಳ ಮೇಲೆ ನೋಡಿದ್ದೇನೆ. ಮನೆಯಲ್ಲಿ ಯಾರಿಗೂ ಅಕ್ಷರ ಬಾರದ ಮನೆಯಿಂದ ಬಂದವರು ಹಾಗೆ ಒತ್ತುತ್ತಾರೆ. ಚರ್ಚಿನ ಪಕ್ಕದ ಹಳೆಯ ಪಾಠಶಾಲೆಯಲ್ಲಿ ನಮ್ಮ ಕೇರಿಯ ದೊಡ್ಡವರೂ ಕೂತು ಅಕ್ಷರ ಕಲಿತಿದ್ದರು ಎಂದು ಕೇಳಿದ್ದೆ. ಅವರಲ್ಲಿ ಒಬ್ಬನ ಕೈಗೆ ಆಚಾರಿ ಉಳಿ ಕೊಟ್ಟಿರಬೇಕು. ಅದಕ್ಕೆ ಪುರಾವೆ ಏನೂ ಇಲ್ಲ. ಆದರೆ ಆ ತೊಲೆಯ ಮೇಲೆ ಕೈಯಿಟ್ಟು ನಾನು ಬಹಳ ಹೊತ್ತು ಅಲ್ಲೇ ನಿಂತೆ. ಕೆಳಗಿನಿಂದ ಓವರ್‌ಸೀಯರು, “ಟೀಚರಮ್ಮ, ತಪ್ಪು ತಿದ್ದಬೇಡಿ, ಮಾರ್ಕ್ಸು ಕೊಟ್ಟು ಇಳೀರಿ!” ಎಂದು ಕೂಗಿದರು.

ಮುಂದಿನ ಭಾನುವಾರ ಸಭೆ ಸೇರಿ ಅರ್ಜಿ ವಾಪಸು ತೆಗೆದುಕೊಂಡಿತು. ದಾನಿಗಳು ಬೇರೆ ಊರಿಗೆ ಚರ್ಚು ಕಟ್ಟಿಸಿಕೊಟ್ಟರು, ಚೆನ್ನಾಗಿದೆಯಂತೆ. ನಮ್ಮದು ಆರ್‌ಸಿಸಿ ಆಗಲಿಲ್ಲವೆಂದು ಹುಡುಗರಲ್ಲಿ ಕೆಲವರು ಮುನಿಸಿಕೊಂಡರು, ಮುನಿಸು ಕ್ರಿಸ್‌ಮಸ್ಸಿನ ತನಕ ಇತ್ತು.

ಇನ್ನು ಕೊಳೆತ ಕಂಬದ ಕೆಲಸ. ಹನ್ನೆರಡರಲ್ಲಿ ದಕ್ಷಿಣದ ಮೂರನೆಯದು ತೀರ ಕೆಟ್ಟಿತ್ತು. ಸಿಮೆಂಟು ಒಡೆದಾಗ ಬುಡ ಒದ್ದೆ ಹೊಗೆಸೊಪ್ಪಿನ ಹಾಗೆ ಕಪ್ಪಾಗಿ ಕೈಗೆ ಬಂತು. ಕಂಬದ ಮೇಲಿನ ತೊಲೆಯನ್ನು ಜಾಕಿಯಿಂದ ಕೂದಲೆಳೆಯಷ್ಟು ಎತ್ತಿ, ಬುಡ ಕತ್ತರಿಸಿ, ಹೊಸ ಕಾಲು ಕೂರಿಸಬೇಕು. ಹೊಸದೆಂದರೆ ಹೊಸ ಮರ ಅಲ್ಲ. ಟಿ. ನರಸೀಪುರದಲ್ಲಿ ಕೆಡವುತ್ತಿದ್ದ ಹಳೆಯ ಮನೆಯೊಂದರ ತೇಗದ ತೊಲೆಯನ್ನು ಓವರ್‌ಸೀಯರು ತಟ್ಟಿ ತಟ್ಟಿ ಆರಿಸಿ ತಂದಿದ್ದರು. ಮುಡುಕುತೊರೆಯ ಕಡೆಯಿಂದ ವಯಸ್ಸಾದ ಆಚಾರಿಯೊಬ್ಬರನ್ನು ಹುಡುಕಿ ಕರೆತಂದರು. ಇಲಾಖೆಯ ಕೆಲಸವಲ್ಲ ಇದು, ಮೂರು ದಿನ ರಜೆ ಹಾಕಿದ್ದರು. ಏನಾದರೂ ಹೆಚ್ಚುಕಡಿಮೆಯಾದರೆ ಸೂರು ಬೀಳುತ್ತದೆ, ಅದರ ಜೊತೆಗೆ ಅವರ ನೌಕರಿಯೂ. ನನ್ನ ಯಜಮಾನರು ಅದನ್ನು ಹೇಳಿದಾಗ, “ನೌಕರಿ ಆಗ್ಲೇ ಗೆದ್ದಲು ತಿಂದದೆ ಬುಡಿ, ಮರ ಗಟ್ಟಿಯಾಗೇ ಅದೆ” ಎಂದರು.

ಶನಿವಾರ ಬೆಳಗ್ಗೆ. ಗ್ಯಾರೇಜಿನಿಂದ ತಂದ ಎರಡು ಲಾರಿ ಜಾಕಿಗಳು. ಊರೆಲ್ಲ ಒಳಗಿತ್ತು. ದೇವಸಹಾಯಪ್ಪನವರು ಪೂರ್ವಕ್ಕೆ ಮುಖ ಮಾಡಿ, ಕಣ್ಣು ಮುಚ್ಚಿ, ಗಟ್ಟಿ ಧ್ವನಿಯಲ್ಲಿ ಪ್ರಾರ್ಥನೆ ಶುರುಮಾಡಿದರು. ಲೋಕದ ಸೃಷ್ಟಿಯಿಂದ ಆರಂಭಿಸಿದ್ದರು.

“ಯಜಮಾನ್ರೇ, ಒಸಿ ಮನಸ್ಸಲ್ಲೇ ಮಾಡ್ಕಳಿ. ಮರ ಏನಂತದೆ ಅಂತ ಕೇಳ್ಬೇಕು” ಎಂದರು ಓವರ್‌ಸೀಯರು.

ಪ್ರಾರ್ಥನೆ ತುಟಿಯೊಳಗೆ ಹೋಯಿತು. ಆಚಾರಿ ಜಾಕಿ ತಿರುಗಿಸಿದರು. ಕಾಲು ಸುತ್ತು. ಇನ್ನೊಂದು ಕಾಲು ಸುತ್ತು. ಆಗ ಚರ್ಚು ನರಳಿತು. ಅದನ್ನು ಬೇರೆ ಹೇಗೆ ಹೇಳಬೇಕೋ ತಿಳಿಯದು. ಎಲ್ಲೋ ಮೇಲಿನಿಂದ ಶುರುವಾದ ಸದ್ದು ತೊಲೆ ತೊಲೆ ದಾಟಿ ಬಾಗಿಲ ತನಕ ಬಂತು, ಎರಡು ಹೆಂಚು ಜಾರಿ ಅಂಗಳದ ಕಲ್ಲಿನ ಮೇಲೆ ಬಿದ್ದವು. ಎಲ್ಲರೂ ಓಡಿದರು. ನಾನೂ ಓಡಿದೆ. ಹೊಂಗೆ ಮರದ ಹತ್ತಿರ ನಿಂತು ತಿರುಗಿ ನೋಡಿದರೆ ಒಳಗೆ ಮೂವರೇ ಉಳಿದಿದ್ದರು. ಜಾಕಿ ಹಿಡಿದ ಆಚಾರಿ, ಕಂಬಕ್ಕೆ ಕಿವಿಯಾನಿಸಿ ನಿಂತ ಓವರ್‌ಸೀಯರು, ಮತ್ತು ದೇವಸಹಾಯಪ್ಪ.

“ಆಯ್ತು! ಬುಡ್ತು! ಕಂಬ ಬುಡ್ತು!” ಎಂದು ಓವರ್‌ಸೀಯರು ಕೂಗಿದರು. ಹಲಗೆಯ ತುಂಡನ್ನು ಸಂದಿಯಲ್ಲಿ ತೂರಿಸಿ ತೋರಿಸಿದರು. ತೊಲೆ ಎದ್ದಿತ್ತು. ಸಂಜೆಯ ಹೊತ್ತಿಗೆ ಹೊಸ ಕಾಲು ಹಳೆಯ ಕಂಬಕ್ಕೆ ಬೆರಳಿಗೆ ಬೆರಳು ಹೆಣೆದ ಹಾಗೆ ಕೂತಿತು. ಆಚಾರಿ ಮೂರು ಬೆಣೆ ಹೊಡೆದು ಜಾಕಿ ಇಳಿಸಿದರು. ಸದ್ದೇ ಬರಲಿಲ್ಲ.

ದೇವಸಹಾಯಪ್ಪನವರ ಧೈರ್ಯ ಊರಿಗೆಲ್ಲ ಹಬ್ಬಿತು. ಅವರು ಕಣ್ಣು ಮುಚ್ಚಿಕೊಂಡಿದ್ದರಿಂದ ಉಳಿದವರು ಓಡಿದ್ದೇ ಗೊತ್ತಾಗಿರಲಿಲ್ಲ, ಆಮೆನ್ ಎಂದು ಕಣ್ಣು ಬಿಟ್ಟರೆ ಚರ್ಚು ಖಾಲಿ ಎನ್ನುವ ವಿಷಯ ಓವರ್‌ಸೀಯರಿಗೆ ಮಾತ್ರ ತಿಳಿದಿತ್ತು. ಅವರು ಬಾಯಿ ಬಿಡಲಿಲ್ಲ. ನನಗೆ ಹೇಳಿದ್ದು ದೇವಸಹಾಯಪ್ಪನವರೇ, ಅದೂ ಈಚೆಗೆ.

ಅದಾಗಿ ಆರು ವರ್ಷ. ಒಂದೊಂದು ಬೇಸಿಗೆಗೆ ಒಂದೆರಡು ಕಂಬದಂತೆ ಎಲ್ಲದರ ಸಿಮೆಂಟೂ ಹೋಯಿತು. ಹೊಂಗೆಎಣ್ಣೆ ವಾಪಸು ಬಂತು, ಈಗ ಗಂಡಸರೂ ಸವರುತ್ತಾರೆ. ಮೈಸೂರಿನಿಂದ ಕಟ್ಟಡ ಕಲಿಯುವ ಹುಡುಗ ಹುಡುಗಿಯರು ನೋಡಲು ಬರುತ್ತಾರೆ. ಇಲಾಖೆಯ ಮೇಲಿನವರು ಒಮ್ಮೆ ಜೀಪಿನಲ್ಲಿ ಬಂದು ಸುತ್ತ ನೋಡಿ, ಏನೂ ಹೇಳದೆ ಹೋದರು. ಮೆಮೊ ಅಲ್ಲಿಗೆ ಮುಗಿಯಿತು. ನಮ್ಮೂರ ಹೊಸ ಅಂಗನವಾಡಿಗೆ ಓವರ್‌ಸೀಯರು ಆಳವಾದ ಪಾಯ ಕೊಟ್ಟು, ಎರೆಮಣ್ಣು ತೆಗೆಸಿ ಮರಳು ತುಂಬಿಸಿ, ಊರಿನ ಮುದುಕರನ್ನೆಲ್ಲ ಕೇಳಿ ಕೇಳಿ ಕಟ್ಟಿಸಿದರು. ಎರಡು ಮಳೆಗಾಲ ಕಳೆದಿವೆ, ಒಂದು ಕೂದಲಿನಷ್ಟೂ ಬಿರುಕಿಲ್ಲ.

ನಿವೃತ್ತಿಯ ಮರು ಭಾನುವಾರ ಅವರನ್ನು ಮನೆಯವರ ಸಮೇತ ಊಟಕ್ಕೆ ಕರೆದಿದ್ದೆವು. ಇಷ್ಟು ವರ್ಷದಲ್ಲಿ ನಾವು ಅವರ ಹೆಂಡತಿಯನ್ನು ಕಂಡಿರಲಿಲ್ಲ. ಎತ್ತರದ ಹೆಂಗಸು, ಗಂಡನಿಗಿಂತ ಗಟ್ಟಿ ದನಿ. ಆಟೋದಿಂದಿಳಿದು ಚರ್ಚಿನ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತು, ಮೇಲಿಂದ ಕೆಳಕ್ಕೆ ನೋಡಿ, “ಇವ್ಳೇನಾ ನನ್ನ ಸವತಿ?” ಎಂದರು.

ಓವರ್‌ಸೀಯರು ಕೆಂಪಾದರು. ಆದರೂ ತಡೆಯಲಾಗದೆ ಒಳಗೆ ಕರೆದುಕೊಂಡು ಹೋಗಿ ತೋರಿಸತೊಡಗಿದರು. ಇದು ತೊಲೆ, ಇದು ಅದರ ನಾಲಿಗೆ, ಇಲ್ಲಿ ನೋಡು ಬೆಣೆ, ಒಂದು ಮೊಳೆ ಇಲ್ಲ ಕಣೇ.

“ನೀವು ಒಂದು ಗಳಿಗೆ ಸುಮ್ಕಿರಿ” ಎಂದರು ಆಕೆ.

ನಡುವಿನ ಬೆಂಚಿನಲ್ಲಿ ಕೂತು ಕತ್ತೆತ್ತಿದರು. ಬೆಂಚಿನ ಮೇಲಿಟ್ಟ ಕೈ ಮರವನ್ನು ಮೆಲ್ಲಗೆ ಸವರುತ್ತಿತ್ತು. ಹೊತ್ತು ಹೋಯಿತು. ನಮ್ಮ ಮನೆಯಲ್ಲಿ ಅನ್ನ ಆರುತ್ತಿತ್ತು. ದೇವಸಹಾಯಪ್ಪನವರು ಎಲೆ ಹಾಕಿದ್ದೇವೆ ಎಂದು ಎರಡು ಸಲ ಹೇಳಿ ಕಳಿಸಿದರು.

“ಓಗಣ್ವಾ?” ಎಂದರು ಓವರ್‌ಸೀಯರು. “ಊಟಕ್ಕೆ ಕಾಯ್ತಾ ಅವ್ರೆ.”

“ಕಾಯ್ಲಿ” ಎಂದರು ಆಕೆ, ಸೂರಿನಿಂದ ಕಣ್ಣು ಇಳಿಸದೆ. “ನಾನು ಏಳೊರ್ಸ ಕಾಯ್ಲಿಲ್ವಾ?”

ಓವರ್‌ಸೀಯರು ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ಸದ್ದಾಗದಂತೆ ಹೋಗಿ ಆಕೆಯ ಪಕ್ಕದಲ್ಲಿ ಕೂತರು.